ಬಿಳಿ ಗೆರೆಯ ಮೇಲಿನ ಬೆಂಚು

ಅವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು. ಯಾರೂ ಹೇಳಿದ್ದಲ್ಲ. ಕಣ್ಣಾರೆ ಕಂಡು ತಾನೇ ಮಾಡಿಕೊಂಡ ತೀರ್ಮಾನ.

ಅವಳು ಕೂರುತ್ತಿದ್ದದ್ದು ಚಿಕ್ಕಮ್ಮನ ಆಲ್ಟರೇಶನ್ ಅಂಗಡಿಯ ಗಾಜಿನ ಹಿಂದೆ. ಅಲ್ಲಿ ಹೊಸದೇನನ್ನೂ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಕೆಟ್ಟ ಜಿಪ್ ಬದಲಾಯಿಸುವುದು, ಇಷ್ಟೇ. ಗಿರಾಕಿಗಳ ಜೊತೆ ಮಾತು ಚಿಕ್ಕಮ್ಮನದು, ಕೆಲಸ ಅವಳದು. ಬಟ್ಟೆ ಮಡಚಿ ಅಳತೆ ಹಿಡಿಯುವಾಗ ಅವಳ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಇದ್ದೇ ಇರುತ್ತಿದ್ದವು. ಯಾರಾದರೂ ಏನಾದರೂ ಕೇಳಿದರೆ ತಲೆಯಲ್ಲೋ ಕೈಯಲ್ಲೋ ಉತ್ತರ. ಬಾಯಲ್ಲಿ ಸೂಜಿ ಇಲ್ಲದ ಹೊತ್ತಿನಲ್ಲೂ ಅವಳು ಹೆಚ್ಚೇನೂ ಮಾತಾಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಪಕ್ಕದ ಚಪ್ಪಲಿ ಅಂಗಡಿಯಾತ ಅವಳಿಗೆ ಗುಂಡುಸೂಜಿ ಎಂದೇ ಹೆಸರಿಟ್ಟಿದ್ದ. ಬೀದಿಗೆಲ್ಲ ಅದೇ ಹೆಸರಾಯಿತು. ಅವಳೂ ಅದಕ್ಕೆ ತಿರುಗಿ ನೋಡುವುದನ್ನು ಕಲಿತಳು.

ಎದುರು ಸಾಲಿನಲ್ಲಿ, ಅವಳ ಗಾಜಿನ ನೇರಕ್ಕೆ, ಬೈಕಿನ ಸೀಟಿಗೆ ಕವರು ಹೊಲಿಯುವ ಅಂಗಡಿ. ಅಲ್ಲಿ ಅವನೊಬ್ಬನೇ. ಸ್ಪಂಜಿನ ಪುಡಿ ಕೂದಲಿಗೆ ಹತ್ತದಿರಲಿ ಎಂದು ತಲೆಗೆ, ಕಿವಿಗೆ ಸೇರಿಸಿ ಬಟ್ಟೆ ಸುತ್ತಿಕೊಂಡು ಬಗ್ಗಿ ಕೂತಿರುತ್ತಿದ್ದ. ಬಂದ ಗಿರಾಕಿಗಳು ಅವನನ್ನು ಕರೆಯುತ್ತಿರಲಿಲ್ಲ, ಭುಜ ತಟ್ಟುತ್ತಿದ್ದರು. ಬಣ್ಣ ಬೇಕಾದರೆ ರೆಕ್ಸಿನ್ ಸುರುಳಿಗೆ ಬೆರಳಿಟ್ಟು ತೋರಿಸುತ್ತಿದ್ದರು. ಒಮ್ಮೊಮ್ಮೆ ಅವನ ತುಟಿ ಅಲ್ಲಾಡಿದ್ದು ಕಾಣುತ್ತಿತ್ತು. ಕಿವಿ ಕೇಳಿಸದವರೂ ಎರಡು ಮಾತು ಆಡುತ್ತಾರೆ, ಅದರಲ್ಲೇನು, ಎಂದು ಅವಳು ಸಮಾಧಾನ ಹೇಳಿಕೊಂಡಿದ್ದಳು. ಹಾಗಿರುವಾಗ ಒಂದು ದಿನ ಅವನ ಅಂಗಡಿಯ ಮುಂದೆಯೇ ಲಾರಿಯ ಟೈರು ಸಿಡಿಯಿತು. ಚಿಕ್ಕಮ್ಮನ ಕೈಲಿದ್ದ ಕತ್ತರಿ ಬಿತ್ತು. ಚಪ್ಪಲಿ ಅಂಗಡಿಯಾತ ಏಣಿಯಿಂದ ಜಾರಿದ. ಬೀದಿಗೆ ಬೀದಿಯೇ ಬೆಚ್ಚಿತು. ಎದುರಿನವನು ಮಾತ್ರ ಮಿಷನ್ನಿಂದ ತಲೆಯೆತ್ತಲಿಲ್ಲ.

ಅಂದಿನಿಂದ ಅವಳಿಗೆ ಅವನ ಕಡೆ ನೋಡುವುದು ಸುಲಭವಾಯಿತು. ಮಾತಾಡದವನ ಜೊತೆ ಮಾತಾಡದೇ ಇರುವುದು ಕಷ್ಟವೇನಲ್ಲ.

ಕೈಸನ್ನೆ ಯಾರು ಮೊದಲು ಶುರುಮಾಡಿದರು ಎಂದು ಈಗ ಹೇಳುವುದು ಕಷ್ಟ. ಅವನು ಖಾಲಿ ಲೋಟ ಎತ್ತಿ ತೋರಿಸುತ್ತಿದ್ದ: ಟೀ ಆಯಿತೇ? ಅವಳು ಅಂಗೈ ಆಡಿಸುತ್ತಿದ್ದಳು: ಇನ್ನೂ ಇಲ್ಲ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಕೆಲಸ ಜಾಸ್ತಿ. ಕೆನ್ನೆಗೆ ಕೈ ಕೊಟ್ಟರೆ ನಿದ್ದೆ. ಬೆರಳು ಮೇಲೆ ತೋರಿಸಿದರೆ ಮೋಡ ಕಟ್ಟಿದೆ, ಹೊರಗೆ ತೂಗುಹಾಕಿದ್ದನ್ನು ಒಳಗೆ ತಗೊಳ್ಳಿ. ಅವನೊಂದು ಕೇಳುವಷ್ಟರಲ್ಲಿ ನಡುವೆ ಬಸ್ಸು ಬಂದು ನಿಲ್ಲುತ್ತಿತ್ತು. ಬಸ್ಸು ಹೋಗುವವರೆಗೆ ಉತ್ತರ ಕೈಯಲ್ಲೇ ಹಿಡಿದುಕೊಂಡು ಕಾಯಬೇಕು. ಬಸ್ಸು ಹೋದ ಮೇಲೆ ಅವನು ಇನ್ನೂ ಇತ್ತಲೇ ನೋಡುತ್ತಿದ್ದಾನೋ ಇಲ್ಲವೋ ಎಂದು ಅವಳು ನೋಡುತ್ತಿದ್ದಳು. ನೋಡುತ್ತಿರುತ್ತಿದ್ದ.

ಅಷ್ಟೇ. ರಸ್ತೆ ದಾಟಿ ಹೋಗಬೇಕು ಎಂದು ಇಬ್ಬರಿಗೂ ಅನಿಸಿರಲಿಲ್ಲ. ಆ ರಸ್ತೆಯನ್ನು ಜೀವದ ಮೇಲೆ ಆಸೆ ಇರುವ ಯಾರೂ ಸುಮ್ಮಸುಮ್ಮನೆ ದಾಟುತ್ತಿರಲಿಲ್ಲ.

* * *

ಸಂಜೆ ಹೊತ್ತು ಆ ಬೀದಿಗೆ ವಾಹನ ಬಿಡುವುದಿಲ್ಲ, ಜನ ಆರಾಮವಾಗಿ ನಡೆಯಲಿ ಎಂದು ನಗರಸಭೆ ತೀರ್ಮಾನಿಸಿತು. ಮೂರು ತಿಂಗಳು ನೋಡುವುದು, ಹೊಂದಿದರೆ ಕಾಯಂ ಮಾಡುವುದು, ಇಲ್ಲದಿದ್ದರೆ ಬಿಡುವುದು.

ಚಿಕ್ಕಮ್ಮ ಕೆಂಡವಾದಳು. ಸಂಜೆ ಕಾರಿಳಿದು ಬರುವವರೇ ತನ್ನ ಗಿರಾಕಿಗಳು, ಅವರನ್ನೆಲ್ಲ ಓಡಿಸಿದರೆ ತಾನು ನೊಣ ಹೊಡೆಯುತ್ತಾ ಕೂರಬೇಕಷ್ಟೆ ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿದಳು. ಚಪ್ಪಲಿ ಅಂಗಡಿಯಾತನಿಗೆ ಮಾತ್ರ ಹಬ್ಬ.

"ಅಕ್ಕಾ, ಜನ ನಡೆದ್ರೆ ತಾನೆ ಚಪ್ಪಲಿ ಸವೆಯೋದು? ನನ್ನ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿದೆ, ನೀನು ಕಣ್ಣು ಹಾಕ್ಬೇಡ."

ಮೊದಲ ಸಂಜೆ ಬೀದಿಯ ಎರಡೂ ತುದಿಗೆ ಕಬ್ಬಿಣದ ತಡೆ ಬಿತ್ತು. ರಸ್ತೆ ನಡುವಿನ ಬಿಳಿ ಗೆರೆಯ ಮೇಲೆ ಅಲ್ಲಲ್ಲಿ, ರಾತ್ರಿ ಮತ್ತೆ ಎತ್ತಿಡುವ ಬೆಂಚು, ಹೂವಿನ ಕುಂಡ ತಂದಿಟ್ಟರು. ಒಂದು ಬೆಂಚು ಚಿಕ್ಕಮ್ಮನ ಅಂಗಡಿಗೂ ಸೀಟಿನ ಅಂಗಡಿಗೂ ನಡುವೆ ಬಂತು.

ಜನ ಬಂದರು. ಬಂದವರು ಎಂದಿನಂತೆ ಫುಟ್‌ಪಾತಿನ ಮೇಲೇ ಒಬ್ಬರನ್ನೊಬ್ಬರು ತಳ್ಳಿಕೊಂಡು ನಡೆದರು. ಅಷ್ಟಗಲದ ರಸ್ತೆ ಖಾಲಿ ಬಿದ್ದಿತ್ತು, ಒಬ್ಬರಿಗೂ ಅದಕ್ಕೆ ಕಾಲಿಡುವ ಧೈರ್ಯ ಇಲ್ಲ. ವರ್ಷಗಟ್ಟಲೆ ಬೈಸಿಕೊಂಡ ಕಾಲುಗಳು, ಒಂದೇ ದಿನಕ್ಕೆ ನಂಬುತ್ತವೆಯೇ.

ಅವಳಿಗೆ ತನ್ನ ಮಿಷನ್ ಕಿರ್ ಎನ್ನುತ್ತದೆ ಎನ್ನುವುದು ಅಂದೇ ತಿಳಿದದ್ದು. ಎಣ್ಣೆ ಹಾಕಬೇಕು ಎಂದುಕೊಂಡು ತಲೆಯೆತ್ತಿದಳು. ಎದುರಿನವನು ಎದ್ದು ನಿಂತಿದ್ದ. ತಲೆಯ ಬಟ್ಟೆ ಬಿಚ್ಚಿ ಕೊಡವಿದ. ಕೈಯಲ್ಲಿ ಎರಡು ಲೋಟ. ಫುಟ್‌ಪಾತಿನ ಅಂಚಿಗೆ ಬಂದು, ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಕೆಳಗಿಳಿದ. ನಡುರಸ್ತೆಯ ಬೆಂಚಿನ ಮೇಲೆ ಲೋಟಗಳನ್ನಿಟ್ಟು, ಒಂದನ್ನೆತ್ತಿ ಅವಳಿಗೆ ತೋರಿಸಿದ.

ಟೀ ಆಯಿತೇ?

ಅವಳು ಅಂಗೈ ಆಡಿಸಿದಳು. ಆಮೇಲೆ ಬಾಯಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ ಎದ್ದಳು.

ಬೆಂಚಿನ ಆ ತುದಿಗೆ ಅವನು, ಈ ತುದಿಗೆ ಅವಳು. ಕೈಗೆಟುಕುವ ದೂರದಲ್ಲಿದ್ದರೂ ಮತ್ತೆ ಸನ್ನೆಯೇ. ಅವನ ಕೊರತೆಯನ್ನು ಎತ್ತಿ ತೋರಿಸಿದಂತಾಗಬಾರದು ಎಂದು ಅವಳು ತುಟಿ ಬಿಚ್ಚಲಿಲ್ಲ. ಅವನೂ ಬಿಚ್ಚಲಿಲ್ಲ. ಅವನ ಬೆರಳುಗಳನ್ನು ಅವಳು ಅಂದು ಮೊದಲ ಸಲ ಹತ್ತಿರದಿಂದ ನೋಡಿದಳು. ದಪ್ಪ ಸೂಜಿ ಚುಚ್ಚಿ ಚುಚ್ಚಿ ತುದಿಯೆಲ್ಲ ಒರಟಾಗಿತ್ತು. ಅವನು ಅವಳ ತುಟಿ ನೋಡುತ್ತಿದ್ದ. ಸೂಜಿ ಇಲ್ಲದ ತುಟಿಯನ್ನು ಅವನೂ ನೋಡಿದ್ದು ಅದೇ ಮೊದಲು. ಅವಳು ನೋಡಿದ್ದು ಗೊತ್ತಾಗಿ ಕಣ್ಣನ್ನು ಹೂವಿನ ಕುಂಡಕ್ಕೆ ವರ್ಗಾಯಿಸಿದ. ಕುಂಡದಲ್ಲಿ ಹೂವಿರಲಿಲ್ಲ, ಬರೀ ಮಣ್ಣಿತ್ತು.

ಅವರಿಬ್ಬರು ಕೂತದ್ದನ್ನು ನೋಡಿ ಒಂದು ಕುಟುಂಬ ರಸ್ತೆಗಿಳಿಯಿತು. ಆಮೇಲೆ ಇನ್ನೊಂದು. ಕತ್ತಲಾಗುವ ಹೊತ್ತಿಗೆ ಬೀದಿ ತುಂಬ ಜನ.

* * *

ದಿನಾ ಸಂಜೆ ಟೀ ಅಲ್ಲೇ ಎನ್ನುವುದು ರೂಢಿಯಾಯಿತು. ಚಿಕ್ಕಮ್ಮನಿಗೆ ಅದನ್ನೆಲ್ಲ ಗಮನಿಸಲು ಪುರುಸೊತ್ತಿರಲಿಲ್ಲ. ಕಾರಲ್ಲಿ ಕೂತವರಿಗೆ ತಮ್ಮ ಪ್ಯಾಂಟಿನ ಅಂಚು ಬಿಚ್ಚಿದ್ದು ಕಾಣುವುದಿಲ್ಲ. ನಡೆಯುವವರಿಗೆ ಕಾಣುತ್ತದೆ, ಅವರ ಜೊತೆ ನಡೆಯುವವರಿಗಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಗಡಿಯಲ್ಲಿ ಬಟ್ಟೆ ಗುಡ್ಡೆಯಾಗತೊಡಗಿತು. ಕೆಂಡವಾಗಿದ್ದವಳು ಈಗ ನಗರಸಭೆಯನ್ನು ಬಾಯ್ತುಂಬ ಹೊಗಳುತ್ತಿದ್ದಳು.

ಒಂದು ಸಂಜೆ ಅವಳಿಗೆ ಏನನ್ನಿಸಿತೋ. ಪಕ್ಕದಲ್ಲಿ ಅವನು ಟೀ ಊದಿಕೊಳ್ಳುತ್ತಿದ್ದ. ಅವಳು ನೇರ ಮುಂದೆ ನೋಡುತ್ತಾ, ತುಟಿ ಹೆಚ್ಚು ಅಲ್ಲಾಡಿಸದೆ, ಸಣ್ಣದಾಗಿ ಹೇಳಿದಳು.

"ನಿನ್ನ ಮೀಸೆ ಬಲಗಡೆ ಸ್ವಲ್ಪ ಮೇಲಿದೆ."

ಟೀ ಅವನ ಮೊಣಕಾಲ ಮೇಲೆ ಚೆಲ್ಲಿತು. ಪಾಪ, ಬಿಸಿ ಇತ್ತೇನೋ. ಅವಳು ಒರೆಸಿಕೊಳ್ಳಲು ಬಟ್ಟೆಯ ತುಂಡು ಕೊಟ್ಟಳು. ಅವನು ಅವಳ ಮುಖವನ್ನೇ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ರಸ್ತೆಯ ಕಡೆ ತಿರುಗಿಕೊಂಡ.

ಮರುದಿನ ಮೀಸೆ ಸಮವಾಗಿತ್ತು. ಕನ್ನಡಿ ಕೊಂಡಿರಬೇಕು ಎಂದುಕೊಂಡಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಇಷ್ಟು ವರ್ಷ ಒಳಗೆ ಮಡಚಿಟ್ಟದ್ದೆಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು. ಕೇಳಿಸದವನ ಪಕ್ಕದಲ್ಲಿ ಕೂತು ಮಾತಾಡುವುದೆಂದರೆ ಬಾವಿಗೆ ಬಗ್ಗಿ ಮಾತಾಡಿದ ಹಾಗೆ, ನಾಚಿಕೆ ಇಲ್ಲ. ಅವನನ್ನು ಅವಳು ನೀನು ಎಂದೇ ಕರೆದಳು. ಕೇಳಿಸದವನಿಗೆ ಬಹುವಚನ ಹಚ್ಚಿ ಏನಾಗಬೇಕು.

ಶಾಲೆ ಯಾಕೆ ಬಿಟ್ಟೆ ಎಂದು ಹೇಳಿದಳು. ಓದು ಬರದೆ ಅಲ್ಲ. ಎದ್ದು ನಿಂತು ಗಟ್ಟಿಯಾಗಿ ಓದು ಎಂದಾಗೆಲ್ಲ ಧ್ವನಿ ಗಂಟಲಲ್ಲೇ ಕೂರುತ್ತಿತ್ತು, ಇಡೀ ತರಗತಿ ನಗುತ್ತಿತ್ತು. ಒಂದು ಬೆಳಿಗ್ಗೆ ಹೋಗುವುದಿಲ್ಲ ಎಂದಳು. ಚಿಕ್ಕಮ್ಮ ಕೈಗೆ ಸೂಜಿ ಕೊಟ್ಟಳು. ಅದು ಅನುಕೂಲವಾಯಿತು, ಬಾಯಲ್ಲಿ ಸೂಜಿ ಇದ್ದವಳನ್ನು ಯಾರೂ ಮಾತಾಡು ಎನ್ನುವುದಿಲ್ಲ.

ಅಮ್ಮನ ಛತ್ರಿಯ ವಿಷಯವನ್ನೂ ಹೇಳಿದಳು. ಕಡುಹಸಿರು ಬಟ್ಟೆ, ಅಂಚಿಗೆ ತೆಳುವಾದ ಹಳದಿ ಪಟ್ಟಿ. ಅಮ್ಮ ಹೋದ ಮೇಲೆ ಅದೊಂದೇ ಉಳಿದಿತ್ತು, ಅದನ್ನೂ ಅವಳು ಬಸ್ಸಲ್ಲಿ ಮರೆತು ಇಳಿದಿದ್ದಳು. ಇವತ್ತಿಗೂ ಮಳೆ ಬಂದರೆ ಅಂಥ ಬಣ್ಣವನ್ನು ಜನರ ತಲೆಯ ಮೇಲೆ ಹುಡುಕುತ್ತಾಳೆ.

"ಊರಿನವರ ಬಟ್ಟೆಯೆಲ್ಲ ನಾನು ಸರಿ ಮಾಡ್ತೀನಿ," ಎಂದಳು ಇನ್ನೊಂದು ಸಂಜೆ, "ನಂಗೇ ಅಂತ ಯಾರೂ ಒಂದು ಹೊಲಿಗೆ ಹಾಕಿಲ್ಲ ನೋಡು."

ಅವನು ನೋಡಲಿಲ್ಲ. ರಸ್ತೆಯನ್ನು ನೋಡುತ್ತಾ ಕೂತಿದ್ದ, ಗುಡಿಯಲ್ಲಿ ಕೂತವರ ಹಾಗೆ ಅಲುಗಾಡದೆ.

* * *

ಬೀದಿಯ ಎಲ್ಲರಿಗೂ ಒಳ್ಳೆಯದಾದದ್ದು ಅವನೊಬ್ಬನಿಗೆ ಆಗಲಿಲ್ಲ. ಬೈಕಿನವರು ಬರುತ್ತಿದ್ದದ್ದೇ ಸಂಜೆ, ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ. ಈಗ ತಡೆಯ ಆಚೆ ಬೈಕು ನಿಲ್ಲಿಸಬೇಕು, ಸೀಟು ಬಿಚ್ಚಬೇಕು, ಹೊತ್ತು ತರಬೇಕು. ಯಾರಿಗೆ ಬೇಕು ಆ ಪಾಡು? ಒಬ್ಬ ಮಹಾರಾಯ ಮಾತ್ರ ಹಳೇ ಸೀಟನ್ನು ಮಗುವಿನಂತೆ ಎದೆಗವಚಿಕೊಂಡು ಬೀದಿಯುದ್ದಕ್ಕೂ ನಡೆದು ಬಂದ. ಗಾಳಿಗೆಂದು ಬಂದವರೆಲ್ಲ ನಿಂತು ನೋಡಿದರು. ಆತ ಮತ್ತೆ ಬರಲಿಲ್ಲ.

ಅವಳಿಗೆ ಗಾಜಿನಿಂದ ಎಲ್ಲ ಕಾಣುತ್ತಿತ್ತು. ಎದುರಿನ ಮಿಷನ್ ನಿಂತಿರುವ ಹೊತ್ತು ಹೆಚ್ಚುತ್ತಾ ಹೋಯಿತು. ಎರಡು ಬೆರಳ ಕತ್ತರಿ ಸನ್ನೆ ಅವನ ಕಡೆಯಿಂದ ಬರುವುದೇ ನಿಂತಿತು.

ಮೂರು ತಿಂಗಳಾಯಿತು. ಅಂಗಡಿಯವರನ್ನೆಲ್ಲ ಸೇರಿಸಿ ಕೇಳಿದರು, ಎಲ್ಲರೂ ಹೀಗೇ ಇರಲಿ ಎಂದರು. ಅವನು ಕೈಯೆತ್ತಲೂ ಇಲ್ಲ, ಬೇಡ ಎನ್ನಲೂ ಇಲ್ಲ, ಹಿಂದೆ ನಿಂತಿದ್ದ ಎಂದು ಚಪ್ಪಲಿ ಅಂಗಡಿಯಾತ ಬಂದು ವರದಿ ಒಪ್ಪಿಸಿದ. ಅವನ ಅಣ್ಣನದು ಬೈಪಾಸಿನಾಚೆ ದೊಡ್ಡ ವರ್ಕ್‌ಶಾಪಂತೆ, ಬಾ ಎಂದು ಕರೆಯುತ್ತಲೇ ಇದ್ದನಂತೆ, ಈ ವಾರ ಅಂಗಡಿ ಖಾಲಿ ಮಾಡುತ್ತಾನಂತೆ. ಚಿಕ್ಕಮ್ಮ ಛೆ ಎಂದಳು. ಆಮೇಲೆ, ಬೀದಿ ಕಾಯಂ ಆದ ಖುಷಿಗೆ ಎಲ್ಲರಿಗೂ ಟೀ ತರಿಸಿದಳು.

ಗುಂಡುಸೂಜಿ ಆ ಟೀ ಕುಡಿಯಲಿಲ್ಲ. ವಾಹನ ಹರಿದಾಡುತ್ತಿದ್ದಾಗ ಬಸ್ಸಿನ ಸಂದಿಯಲ್ಲಾದರೂ ಅವನು ಕಾಣುತ್ತಿದ್ದ. ಬೀದಿಯೇನೋ ಜನರಿಗೆ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಖಾಲಿ ಬೆಂಚು. ಬೈಪಾಸು ಎಂದರೆ ಯಾವ ಸನ್ನೆಯೂ ಮುಟ್ಟದ ದೂರ.

ಆ ಸಂಜೆಯೂ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಮುಂದೆ ಒಬ್ಬ ತಂದೆ ಮಗಳಿಗೆ ಸೈಕಲ್ ಕಲಿಸುತ್ತಿದ್ದ. ಅಪ್ಪ ಕೈ ಬಿಟ್ಟದ್ದು ಮಗಳಿಗೆ ಗೊತ್ತಿರಲಿಲ್ಲ, ತುಳಿಯುತ್ತಲೇ ಹೋದಳು.

"ನೀನು ಹೋಗ್ಬೇಡ," ಎಂದಳು ಅವಳು.

ತಾನೇ ಹೇಳಿದ ಮಾತು ತನ್ನ ಕಿವಿಗೆ ಬಿತ್ತು. ಆದರೂ ನಿಲ್ಲಿಸಲಿಲ್ಲ.

"ನಿಂಗೆ ಕೇಳಿಸೋ ಹಾಗಿದ್ರೆ ಸತ್ರೂ ಇದನ್ನ ಹೇಳ್ತಿರಲಿಲ್ಲ. ಕೇಳಿಸಲ್ಲ ಅಂತ್ಲೇ ಹೇಳ್ತಿದೀನಿ. ನಂಗೆ ನೀನಂದ್ರೆ ಇಷ್ಟ. ಟೀ ಆಯ್ತಾ ಅಂತ ಕೇಳೋರು ನಂಗೆ ಇನ್ಯಾರೂ ಇಲ್ಲ."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ. ತಿರುಗಿದ, ಬಾಯಿ ತೆರೆದ, ಮುಚ್ಚಿದ. ಎದ್ದು ತನ್ನ ಅಂಗಡಿಗೆ ಹೋಗಿಬಿಟ್ಟ. ಅಂದು ಮೊದಲ ಸಲ ಎಡಬಲ ನೋಡದೆ ರಸ್ತೆ ದಾಟಿದ.

* * *

ಎರಡು ದಿನ ಅವನು ಬೆಂಚಿಗೆ ಬರಲಿಲ್ಲ. ಅವನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮೂರನೆಯ ಬೆಳಿಗ್ಗೆ ಅವಳು ಬಂದು ಬೀಗ ತೆಗೆಯುವಾಗ ಹೊಸ್ತಿಲ ಮುಂದೆ ಒಂದು ಸ್ಟೂಲು ಇತ್ತು. ಅವಳ ಮರದ ಸ್ಟೂಲಿನಷ್ಟೇ ಎತ್ತರ, ಮೇಲೆ ದಪ್ಪ ಮೆತ್ತನೆಯ ಸೀಟು. ಕಡುಹಸಿರು ರೆಕ್ಸಿನ್. ಅಂಚಿಗೆ ತೆಳುವಾದ ಹಳದಿ ಪಟ್ಟಿ, ಪೈಪಿಂಗ್.

ಅವಳು ಕೀಲಿಕೈ ಹಿಡಿದು ನಿಂತೇ ಇದ್ದಳು.

ಛತ್ರಿಗೆ ಸನ್ನೆ ಇರಲಿಲ್ಲ. ಹಸಿರಿಗೆ ಇರಲಿಲ್ಲ. ಅಮ್ಮನಿಗೂ ಇರಲಿಲ್ಲ. ಅದನ್ನೆಲ್ಲ ಅವಳು ಬಾಯಿ ಬಿಟ್ಟು ಹೇಳಿದ್ದಳು, ಒಂದೇ ಒಂದು ಸಲ, ರಸ್ತೆಯ ಕಡೆ ನೋಡುತ್ತಾ.

ಚಿಕ್ಕಮ್ಮ ಬಂದವಳು ಸ್ಟೂಲಿನ ಮೇಲೆ ಕೈಯಾಡಿಸಿ, ಒಳ್ಳೇ ಕೆಲಸ, ಯಾರು ಕೊಟ್ಟರು ಎಂದಳು. ಅವಳು ಅದಕ್ಕೆ ಉತ್ತರ ಕೊಡದೆ, ಎದುರಿನವನಿಗೆ ಕಿವಿ ಕೇಳಿಸುತ್ತದೆಯೇ ಎಂದು ಕೇಳಿದಳು.

"ಅವನಿಗೆ ಕಿವುಡು ಅಂತ ಯಾರೇ ಹೇಳಿದ್ದು ನಿಂಗೆ? ಹಾರ್ನ್ ತಡ್ಕೊಳ್ಳೋಕಾಗ್ದೆ ಹಗಲೆಲ್ಲ ಕಿವಿಗೆ ಸ್ಪಂಜು ತುರುಕ್ಕೊಂಡಿರ್ತಾನೆ. ಮೇಲೊಂದು ಬಟ್ಟೆ. ಸಂಜೆ ರಸ್ತೆ ಮುಚ್ಚಿದ್ಮೇಲೆ ತೆಗ್ದಿಡ್ತಾನೆ." ಚಿಕ್ಕಮ್ಮ ನಕ್ಕಳು. "ನಂಗೂ ಒಂದ್ಸಲ ಕೇಳಿದ್ದ, ನಿಮ್ಮ ಹುಡುಗಿಗೆ ಹುಟ್ಟಿನಿಂದ್ಲೇ ಮಾತು ಬರಲ್ವಾ ಅಂತ. ಬರುತ್ತಪ್ಪಾ, ಆದ್ರೆ ಖರ್ಚು ಮಾಡಲ್ಲ ಅಂದೆ. ಬೆಂಚು ಹಾಕಿದ ಹೊಸದ್ರಲ್ಲಿ."

ಹಾಗಾದರೆ ಆ ಮೊದಲ ದಿನಗಳಲ್ಲಿ ಅವನೂ ಅವಳ ಕೊರತೆಗೆ ನೋವಾಗದಿರಲಿ ಎಂದೇ ಸನ್ನೆ ಮಾಡುತ್ತಾ ಕೂತಿದ್ದ. ಇನ್ನೊಬ್ಬರ ಕಥೆಯಾಗಿದ್ದರೆ ಅವಳಿಗೂ ನಗು ಬರುತ್ತಿತ್ತು. ಬರಲಿಲ್ಲ. ಮೀಸೆಯಿಂದ ಹಿಡಿದು ಎಲ್ಲವನ್ನೂ ಅವನು ಕೇಳಿದ್ದ. ಕೇಳುತ್ತಾ, ಕೇಳದವನಂತೆ ಕೂತಿದ್ದ. ಎಲ್ಲಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಆ ನೀನು. ಇಷ್ಟು ದಿನ, ಸನ್ನೆಯ ಪರಿಚಯವಷ್ಟೇ ಇದ್ದ ಗಂಡಸನ್ನು, ಅವನ ಕಿವಿಯ ಪಕ್ಕದಲ್ಲೇ ಕೂತು ಏಕವಚನದಲ್ಲಿ ಕರೆದಿದ್ದಳು.

ಸಂಜೆ ಅವನು ಬಂದ. ಬಾಗಿಲ ಬಳಿ ನಿಂತ. ಅವಳು ಬೇಕೆಂದೇ ತುಟಿಗೆ ಒಂದು ಹಿಡಿ ಸೂಜಿ ಕಚ್ಚಿಕೊಂಡಳು.

"ಒಂದ್ನಿಮಿಷ," ಎಂದ.

ಅದು ಅವನ ಧ್ವನಿ. ಅವಳು ಊಹಿಸಿದಂತಿರಲಿಲ್ಲ, ಸ್ವಲ್ಪ ಒಡೆದಿತ್ತು, ಬಹಳ ದಿನ ಮಡಚಿಟ್ಟ ಬಟ್ಟೆಯಲ್ಲಿ ಗೆರೆ ಬಿದ್ದ ಹಾಗೆ. ಅವಳು ಮಿಷನ್ ತುಳಿದಳು. ಅಷ್ಟೊಂದು ಸದ್ದಿಲ್ಲದ ಬೀದಿಯಲ್ಲಿ ಆ ಮಿಷನ್ ಒಂದೇ ಕಿರ್ ಎಂದು ಅರಚಿತು. ಅವನು ಮತ್ತೇನೋ ಹೇಳಿದ. ಅವಳು ಸೂಜಿಯ ಕೆಳಗೆ ಬಟ್ಟೆ ಇಡದೆ ಬರೀ ಮಿಷನ್ ತುಳಿಯುತ್ತಲೇ ಇದ್ದಳು, ಅವನು ಹೋಗುವವರೆಗೆ.

* * *

ಅವನು ಸಾಮಾನು ಕಟ್ಟುವ ದಿನ ಬಂತು. ಗಾಡಿ ಸಂಜೆ ತಡೆಯ ಆಚೆ ಬಂದು ನಿಲ್ಲುತ್ತದೆ, ಅಲ್ಲಿವರೆಗೆ ಹೊತ್ತು ಸಾಗಿಸಬೇಕು ಎಂದು ಚಪ್ಪಲಿ ಅಂಗಡಿಯಾತ ಹೇಳಿ, ತಾನೂ ಕೈ ಕೊಡಲು ಹೋದ.

ಅವಳು ಹೊಸ ಸ್ಟೂಲಿನ ಮೇಲೆ ಇನ್ನೂ ಕೂತಿರಲಿಲ್ಲ. ಚಿಕ್ಕಮ್ಮನ ಕಾಲಿಗೆ ಅಡ್ಡ ಬರುತ್ತದೆ ಎಂದು ಸರಿಸಲು ಹೋದವಳು ಅದನ್ನು ತಲೆಕೆಳಗು ಮಾಡಿದಳು. ಹೊಲಿಗೆಯವರ ಅಭ್ಯಾಸ, ಯಾವುದನ್ನು ಕಂಡರೂ ಒಳಮಗ್ಗುಲು ನೋಡಬೇಕು. ನೋಡಿ ಕೈ ನಿಂತಿತು. ಪೈಪಿಂಗಿನ ಹೊಲಿಗೆ ಮಿಷನ್ನಿನದಾಗಿರಲಿಲ್ಲ. ಸುತ್ತಲೂ, ಒಂದು ಟಾಕೂ ಬಿಡದೆ, ಕೈಯಲ್ಲಿ ಹಾಕಿದ್ದ. ರೆಕ್ಸಿನ್ನಿಗೆ ಯಾರೂ ಕೈಹೊಲಿಗೆ ಹಾಕುವುದಿಲ್ಲ. ಒಂದೊಂದು ಟಾಕಿಗೂ ಸೂಜಿಯನ್ನು ಬೆರಳಲ್ಲಿ ಒತ್ತಿ ದೂಡಬೇಕು, ಆಚೆಯಿಂದ ಇಕ್ಕಳದಲ್ಲಿ ಎಳೆಯಬೇಕು. ಒಂದು ಕಡೆ ಹಳದಿ ಅಂಚಿಗೆ ಸಣ್ಣ ಕಂದು ಚುಕ್ಕೆ ಹತ್ತಿತ್ತು. ಅದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಬೆರಳುಗಳೂ ಎಷ್ಟೋ ಬಟ್ಟೆಗೆ ಅಂಥ ಚುಕ್ಕೆ ಹಚ್ಚಿದ್ದವು.

ಎರಡು ದಿನ ಅರ್ಧ ಎಳೆದ ಬಾಗಿಲ ಹಿಂದೆ ನಡೆದದ್ದು ಇದು.

ಅವಳು ಸ್ಟೂಲು ನೆಟ್ಟಗೆ ಮಾಡಿ, ಅದರ ಮೇಲೆ ಕೂತಳು. ಒಂದು ಗಳಿಗೆ ಕೂತು ಎದ್ದಳು. ಸಂಜೆಯ ತಡೆ ಆಗಲೇ ಬಿದ್ದಿತ್ತು, ರಸ್ತೆ ದಾಟಿದಳು.

ಅವನ ಅಂಗಡಿಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮಿಷನ್ನಿನ ತಲೆ ಬಿಚ್ಚಿ ಗೋಣಿಯಲ್ಲಿ ಸುತ್ತಿಟ್ಟಿದ್ದ. ಮೂಲೆಯಲ್ಲಿ ಸ್ಪಂಜಿನ ಚೂರುಗಳ ರಾಶಿ. ಅವನು ಹಗ್ಗ ಕಟ್ಟುತ್ತಿದ್ದವನು ಅವಳನ್ನು ಕಂಡು ಹಾಗೇ ನಿಂತ. ಚಪ್ಪಲಿ ಅಂಗಡಿಯಾತ ಇಬ್ಬರ ಮುಖವನ್ನೂ ನೋಡಿ, ತನ್ನ ಅಂಗಡಿಯಲ್ಲಿ ಯಾರೋ ಕರೆದಂತಾಯಿತು ಎಂದು ಹೊರಟ. ಯಾರೂ ಕರೆದಿರಲಿಲ್ಲ.

ಅವಳು ರಾಶಿಯಿಂದ ಎರಡು ಚೂರು ಆರಿಸಿದಳು. ಬೆರಳಲ್ಲಿ ಹೊಸೆದು, ಒಂದನ್ನು ಬಲಗಿವಿಗೆ, ಒಂದನ್ನು ಎಡಗಿವಿಗೆ ಇಟ್ಟುಕೊಂಡಳು. ನಡುರಸ್ತೆಯ ಬೆಂಚಿಗೆ ಹೋಗಿ ತನ್ನ ತುದಿಯಲ್ಲಿ ಕೂತಳು.

ಅವನು ಬಂದು ಅವನ ತುದಿಯಲ್ಲಿ ಕೂತ.

"ನಿಮಗೆ ನನ್ನದೆಲ್ಲ ಗೊತ್ತು," ಎಂದಳು ಅವಳು ಮುಂದೆ ನೋಡುತ್ತಾ. ಕಿವಿ ಮುಚ್ಚಿದ್ದರಿಂದ ಧ್ವನಿ ಅವಳಿಗೇ ತಿಳಿಯದೆ ಗಟ್ಟಿಯಾಗಿ ಬಂತು. ದಾರಿಹೋಕರಿಬ್ಬರು ತಿರುಗಿ ನೋಡಿದರು. "ಈಗ ನಿಮ್ಮ ಸರದಿ. ಮಾತಾಡಿ. ನಂಗೇನೂ ಕೇಳಿಸಲ್ಲ."

ಅವನು ಕೈಯಲ್ಲೇ ಉಳಿದಿದ್ದ ಹಗ್ಗದ ತುಂಡನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀವು ಅಂದ್ರಾ?" ಎಂದ ಕೊನೆಗೆ. "ನೀನು ಅಂತಿದ್ದದ್ದೇ ಚೆನ್ನಾಗಿತ್ತು."

ಅವಳು ಅಲುಗಾಡಲಿಲ್ಲ. ರಸ್ತೆಯನ್ನೇ ನೋಡಿದಳು, ಅವನು ನೋಡುತ್ತಿದ್ದ ಹಾಗೆ.

"ಟೈರು ಸಿಡಿದ ದಿನ ನಾನೂ ಬೆಚ್ಚಿಬಿದ್ದೆ," ಎಂದ. "ಪೈಪಿಂಗ್ ಮಧ್ಯದಲ್ಲಿದ್ದೆ, ಅಲ್ಲಿ ನಿಲ್ಲಿಸಿದ್ರೆ ಹೊಲಿಗೆ ಸೊಟ್ಟಗಾಗುತ್ತೆ. ನಿಲ್ಲಿಸ್ಲಿಲ್ಲ. ಆಮೇಲೆ ನೋಡಿದ್ರೆ ಹೆಬ್ಬೆರಳನ್ನೂ ಸೇರಿಸಿ ಹೊಲಿದಿದ್ದೆ."

ಅವಳ ತುಟಿಯ ಒಂದು ತುದಿ ಅಲ್ಲಾಡಿತು. ಅದನ್ನು ಅವನು ನೋಡಿದನೋ ಇಲ್ಲವೋ.

ಮೀಸೆಯ ಮಾತು ಕೇಳಿದ ದಿನವೇ, ನನಗೆ ಕಿವಿ ಕೇಳಿಸುತ್ತದೆ ಎಂದು ಹೇಳಬೇಕೆಂದಿದ್ದೆ ಎಂದ. ಹೇಳಿದರೆ ಅವಳು ಮತ್ತೆ ಸೂಜಿ ಕಚ್ಚಿಕೊಳ್ಳುತ್ತಾಳೆ ಎಂದು ಹೆದರಿದ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ಹೋಯಿತು. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು. ಅದು ಕಳ್ಳತನ ಎಂದು ಗೊತ್ತಿತ್ತು. ಆದರೂ ಸಂಜೆಯಾದರೆ ಕಾಲು ಇತ್ತಲೇ ಬರುತ್ತಿತ್ತು. ಅವಳು ಹೋಗಬೇಡ ಎಂದ ಮೇಲೆ ಸುಮ್ಮನಿರಲು ಆಗಲಿಲ್ಲ, ಬಾಯಲ್ಲಿ ಹೇಳಲೂ ಆಗಲಿಲ್ಲ. ಬರುವುದು ಹೊಲಿಗೆ ಒಂದೇ, ಅದನ್ನು ಹಾಕಿದ.

"ಮಿಷನ್ನಲ್ಲಿ ಹಾಕಿದ್ರೆ ಬೇಗ ಮುಗಿದುಹೋಗ್ತಿತ್ತು," ಎಂದ. "ಅದಕ್ಕೇ ಕೈಯಲ್ಲಿ."

ಸೈಕಲ್ ಕಲಿಯುತ್ತಿದ್ದ ಹುಡುಗಿ ಇಂದು ಒಬ್ಬಳೇ ಬಂದು ಬೆಂಚನ್ನು ಒಂದು ಸುತ್ತು ಹಾಕಿ ಹೋದಳು.

"ಅಣ್ಣನ ಹತ್ರ ಹೋಗೋದು ಅಂತ್ಲೇ ಎಲ್ಲ ಕಟ್ಟಿದ್ದು. ಆದ್ರೆ ಬೀದಿ ಕೊನೇಲಿ, ತಡೆ ಆಚೆ, ಎಲ್ರೂ ಗಾಡಿ ನಿಲ್ಲಿಸ್ತಾರಲ್ಲ, ಅಲ್ಲೊಂದು ಶೆಡ್ಡು ಖಾಲಿ ಇದೆ. ನಿನ್ನೆ ಹೋಗಿ ನೋಡ್ದೆ. ಬೈಕು ನಿಲ್ಲಿಸಿ ಈ ಕಡೆ ನಡ್ಕೊಂಡು ಬರ್ತಾರೆ, ವಾಪಸ್ ಹೋಗೋಷ್ಟ್ರಲ್ಲಿ ನಾನು ಸೀಟು ಮುಗಿಸಿರ್ತೀನಿ. ಶೆಡ್ಡಿನವರು ಕೇಳಿದ್ರು, ಬರ್ತೀರಾ ಅಂತ. ಒಬ್ರನ್ನ ಕೇಳ್ಬೇಕು ಅಂದೆ." ಅವನು ಬೀದಿಯ ಕೊನೆಯ ಕಡೆ ಕೈ ತೋರಿಸಿದ. "ಅಲ್ಲಿಂದ ನಿಮ್ಮ ಗಾಜು ಕಾಣಲ್ಲ. ಸನ್ನೆ ಮಾಡೋಕಾಗಲ್ಲ. ಬಂದು ಮಾತಾಡ್ಬೇಕು. ನಡೆಯೋಕೇ ತಾನೆ ಬೀದಿ ಬಿಟ್ಟಿರೋದು."

ಅವಳ ಕೈ ಬೆಂಚಿನ ಹಲಗೆಯ ಮೇಲಿತ್ತು. ಬೆರಳುಗಳು ಅಲ್ಲಿಲ್ಲದ ಬಟ್ಟೆಯನ್ನು ಮಡಚುತ್ತಿದ್ದವು. ಅವನ ಕೈ ಬಂದು ಅದರ ಪಕ್ಕದಲ್ಲಿ ನಿಂತಿತು. ಮುಟ್ಟಲಿಲ್ಲ. ಹೆಬ್ಬೆರಳಿನ ಮೇಲೆ ಹಳೆಯ ಹೊಲಿಗೆಯ ಗುರುತು ಸಾಲಾಗಿ ಬಿಳಿಚಿಕೊಂಡಿತ್ತು. ಅದರ ಪಕ್ಕದ ಬೆರಳಿನಲ್ಲಿ ಹೊಸ ಗಾಯವೊಂದು ಇನ್ನೂ ಒಣಗಿರಲಿಲ್ಲ.

"ನಂಗೂ ನೀನಂದ್ರೆ ಇಷ್ಟ," ಎಂದ. "ಮಾತು ಬರಲ್ಲ ಅಂದ್ಕೊಂಡಿದ್ದಾಗ್ಲೂ ಇಷ್ಟ ಇತ್ತು. ಈಗ ಜಾಸ್ತಿ."

ಬೀದಿಯ ಆ ತುದಿಯಲ್ಲಿ, ತಡೆಯ ಆಚೆ, ಗಾಡಿಯವನು ಹಾರ್ನ್ ಹೊಡೆದ. ಸಂಜೆ ಹೊತ್ತು ಬೀದಿಯಲ್ಲಿ ಹಾರ್ನ್ ಕೇಳಿ ಎಷ್ಟೋ ದಿನವಾಗಿತ್ತು, ನಡೆಯುತ್ತಿದ್ದವರೆಲ್ಲ ತಲೆಯೆತ್ತಿದರು. ಬೆಂಚಿನ ಮೇಲಿನ ಇಬ್ಬರು ಎತ್ತಲಿಲ್ಲ.

ಗಾಡಿಯವನು ಇನ್ನೊಮ್ಮೆ ಹೊಡೆದು ಸುಮ್ಮನಾದ.

"ಕೇಳಿಸ್ತಾ?" ಎಂದು ಅವನು ಕೇಳಿದ. ಎಷ್ಟು ಮೆಲ್ಲಗೆ ಎಂದರೆ, ಸ್ಪಂಜು ಇಲ್ಲದ ಕಿವಿಗೂ ಅದು ಕಷ್ಟ.

ಅವಳು ಮೊದಲ ಸಲ ಅವನ ಕಡೆ ಪೂರ್ತಿ ತಿರುಗಿದಳು.

"ಇಲ್ಲ," ಎಂದಳು. "ಇನ್ನೊಂದ್ಸಲ ಹೇಳು."